ಬಾಯಿಗೆ ರೇಡಿಯೇಶನ್ ಕೊಟ್ಟ ಮೇಲೆ: ಜೊಲ್ಲಿನಿಂದ ಶುರುಮಾಡಿ ಓದಿ

ದಂತವೈದ್ಯಕೀಯದ ಪುಸ್ತಕದಲ್ಲಿ ಈ ಪಾಠ ಒಂದು ಉದ್ದದ ಪಟ್ಟಿ. ಬಾಯಿಹುಣ್ಣು, ಒಣಬಾಯಿ, ರುಚಿ ಹೋಗುವುದು, ಫಂಗಸ್, ಹುಳುಕು, ಬಾಯಿ ತೆರೆಯದಿರುವುದು, ದವಡೆ ಮೂಳೆ ಸಾಯುವುದು. ಬಾಯಿಪಾಠ ಮಾಡಿದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ನಾಲ್ಕು ಬರುತ್ತೆ, ಐದನೆಯದು ಬರಲ್ಲ. ನನಗೆ ಇದು ತಲೆಗೆ ಹತ್ತಿದ್ದು ಒಬ್ಬರ ಬಾಯಿಯೊಳಗೆ ಕನ್ನಡಿ ಇಟ್ಟ ದಿನ.

ಹೊಸನಗರದ ಕಡೆಯವರು, ಅಡಿಕೆ ತೋಟ ಇದೆ. ಕೆನ್ನೆಯ ಕ್ಯಾನ್ಸರ್‌ಗೆ ಆಪರೇಷನ್ ಆಗಿ, ಆಮೇಲೆ 'ಕರೆಂಟ್ ಕೊಡಿಸಿ' ಒಂದೂವರೆ ವರ್ಷವಾಗಿತ್ತು. ರೇಡಿಯೇಶನ್‌ಗೆ ಹಳ್ಳಿಯವರು ಹೇಳುವುದು ಹೀಗೆ. ಈ ಮಾತು ಕೇಳಿದ ಕೂಡಲೇ ನಮ್ಮ ಕಿವಿ ನೆಟ್ಟಗಾಗಬೇಕು. ನನ್ನದು ಆಗಲಿಲ್ಲ, ಆ ಕಥೆ ಆಮೇಲೆ.

ಕನ್ನಡಿ ಇಟ್ಟೆ. ತೆಗೆಯಲು ಹೋದರೆ ಬರಲಿಲ್ಲ. ಕೆನ್ನೆಗೆ ಅಂಟಿಕೊಂಡಿತ್ತು, ಮೆಲ್ಲಗೆ ಬಿಡಿಸಬೇಕಾಯಿತು. ನಾಲಿಗೆ ತುಂಬ ಬಿರುಕು. ನಾಲಿಗೆ ಕೆಳಗೆ, ಜೊಲ್ಲು ನಿಂತಿರಬೇಕಾದ ಜಾಗದಲ್ಲಿ, ಒಂದಿಷ್ಟು ಬಿಳಿ ನೊರೆ ಅಷ್ಟೆ. "ಎಂತ ಹೇಳೂದು ಮೇಡಂ, ಅನ್ನ ಉಂಡ್ರೆ ಮರದ ಹೊಟ್ಟು ಉಂಡಂಗೆ. ನೀರು ಕುಡಿದು ದೂಡ್ಬೇಕು" ಅಂದರು.

ಆರೋಗ್ಯವಂತರಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಹರಿಯುತ್ತೆ. ಗುಡ್ಡದಿಂದ ಅಡಿಕೆ ಮರದ ದಂಬೆಯಲ್ಲಿ ಮನೆಗೆ ಬರುವ ಅಬ್ಬಿ ನೀರಿನ ಹಾಗೆ: ಹರಿಯುವಾಗ ಯಾರೂ ನೋಡಲ್ಲ, ನಿಂತ ದಿನ ಪಾತ್ರೆ, ಬಟ್ಟೆ, ಕೊಟ್ಟಿಗೆ ಎಲ್ಲಾ ನಿಲ್ಲುತ್ತೆ. ಜೊಲ್ಲು ಊಟದ ಚೂರು ತೊಳೆಯುತ್ತೆ, ಬೈಕಾರ್ಬನೇಟ್‌ನಿಂದ ಆಮ್ಲ ತಗ್ಗಿಸುತ್ತೆ, ಎನಾಮೆಲ್‌ಗೆ ಕ್ಯಾಲ್ಸಿಯಂ ವಾಪಸ್ ಕೊಡುತ್ತೆ, ಫಂಗಸ್ ಮಿತಿಮೀರದಂತೆ ತಡೆಯುತ್ತೆ. ಪಟ್ಟಿಯ ಅರ್ಧ ಇಲ್ಲೇ ಮುಗಿಯಿತು, ಅಲ್ವಾ?

ಈಗ ರೇಡಿಯೇಶನ್ ಲೆಕ್ಕ. ಸಾಮಾನ್ಯವಾಗಿ ಒಟ್ಟು 60ರಿಂದ 70 ಗ್ರೇ (ಕಿರಣದ ಡೋಸ್ ಅಳೆಯುವ ಮಾನ), ದಿನಕ್ಕೆ 2 ಗ್ರೇಯಂತೆ, ವಾರಕ್ಕೆ ಐದು ದಿನ, ಆರೇಳು ವಾರ. ಕಿವಿಯ ಮುಂದಿರುವ ದೊಡ್ಡ ಜೊಲ್ಲು ಗ್ರಂಥಿ ಪರೋಟಿಡ್‌ಗೆ ಬೀಳುವ ಸರಾಸರಿ 26 ಗ್ರೇಗಿಂತ ಕಡಿಮೆ ಇದ್ದರೆ ಅದು ಚೇತರಿಸಿಕೊಳ್ಳುವ ಸಾಧ್ಯತೆ ಇದೆ. ಗೆಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣ ಹೊಂದಿಸುವ ಐಎಂಆರ್‌ಟಿ ವಿಧಾನ ಬಂದದ್ದರ ದೊಡ್ಡ ಲಾಭ ಇದೇ: ಗೆಡ್ಡೆಗೆ ಪೂರ್ತಿ ಡೋಸ್ ಕೊಟ್ಟು ಪರೋಟಿಡ್ ಉಳಿಸಬಹುದು. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಪಾರ್‌ಸ್ಪೋರ್ಟ್ ಅಧ್ಯಯನ ತೋರಿಸಿದ್ದೂ ಅದನ್ನೇ.

ಇಲ್ಲೊಂದು ವಿಚಿತ್ರ ಇದೆ. ರೇಡಿಯೇಶನ್ ಬೇಗ ಬೇಗ ಒಡೆದು ಎರಡಾಗುವ ಕೋಶಗಳನ್ನು ಮೊದಲು ಹೊಡೆಯುತ್ತೆ ಅಂತ ಓದಿದ್ದೇವೆ. ಜೊಲ್ಲು ಗ್ರಂಥಿಯ ಕೋಶಗಳು ನಿಧಾನದವು. ಆದರೂ ಮೊದಲ ವಾರದಲ್ಲೇ ಜೊಲ್ಲು ಇಳಿಯುತ್ತೆ. ವೈವಾದಲ್ಲಿ ಇದನ್ನು ನೀವೇ ಹೇಳಿದರೆ ಎದುರಿದ್ದವರು ತಲೆ ಎತ್ತಿ ನೋಡುತ್ತಾರೆ. ನೀರುನೀರಾದ ಜೊಲ್ಲು ಮಾಡುವ ಸೀರಸ್ ಕೋಶಗಳು ಮೊದಲು ಹೋಗುತ್ತವೆ. ಉಳಿದದ್ದು ಲೋಳೆ. ಅದಕ್ಕೇ ಆ ನೊರೆ.

ಬಾಯಿಹುಣ್ಣು ಬೇರೆ ಗಡಿಯಾರದ್ದು. ಎರಡನೇ ವಾರದ ಹೊತ್ತಿಗೆ ಶುರು, ಕೊನೆಯ ವಾರಗಳಲ್ಲಿ ಜೋರು, ಮುಗಿದ ಮೇಲೆ ಹೆಚ್ಚಿನವರಿಗೆ ಕೆಲವೇ ವಾರದಲ್ಲಿ ಮಾಯುತ್ತೆ. ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಆಗಾಗ ಮುಕ್ಕಳಿಸುವುದು. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ. ಮಿಡಿ ಉಪ್ಪಿನಕಾಯಿ ಅಂತೂ ಕನಸಿನ ಮಾತು, ತಂಬುಳಿ ಮಾಡಿದರೂ ಹಸಿಮೆಣಸು ಬಿಡಬೇಕು. ರುಚಿಯೂ ಇದೇ ಹೊತ್ತಿಗೆ ಹೋಗುತ್ತೆ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಬಹುಪಾಲು ವಾಪಸ್ ಬರುತ್ತೆ.

ಹುಳುಕಿನ ವಿಷಯಕ್ಕೆ ಬರೋಣ. ಮಾಮೂಲಿ ಹುಳುಕು ದವಡೆ ಹಲ್ಲಿನ ಗೆರೆಗಳಲ್ಲಿ, ಎರಡು ಹಲ್ಲಿನ ಸಂದಿಯಲ್ಲಿ. ರೇಡಿಯೇಶನ್ ನಂತರದ ಹುಳುಕು ಒಸಡಿನ ಅಂಚಿನಲ್ಲಿ ಹಲ್ಲನ್ನು ಸುತ್ತುತ್ತೆ, ತುದಿಗಳನ್ನೂ ತಿನ್ನುತ್ತೆ. ಸುಲಭಕ್ಕೆ ಹುಳುಕದ ಕೆಳಗಿನ ಮುಂಹಲ್ಲನ್ನೂ ಬಿಡಲ್ಲ. ಎಷ್ಟೋ ಸಲ ನೋವೇ ಇರಲ್ಲ, ಒಂದು ದಿನ ಹಲ್ಲಿನ ತಲೆ ಮುರಿದು ಕೈಗೆ ಬರುತ್ತೆ. ಕಿರಣ ಹಲ್ಲನ್ನು ಸುಟ್ಟಿದ್ದೇ ಮುಖ್ಯ ಕಾರಣ ಅಂದುಕೊಳ್ಳಬೇಡಿ. ಕಿರಣ ತಾಗದ ಹಲ್ಲುಗಳೂ ಹುಳುಕುತ್ತವೆ, ಯಾಕೆಂದರೆ ಜೊಲ್ಲು ಎಲ್ಲಕ್ಕೂ ಒಂದೇ. ಆ ಅಡಿಕೆ ತೋಟದವರ ಜೇಬಿನಲ್ಲಿ ಪೆಪ್ಪರ್‌ಮಿಂಟ್ ಮಿಠಾಯಿಗಳಿದ್ದವು. ಬಾಯಿ ಒದ್ದೆ ಆಗಲಿ ಅಂತ ದಿನವಿಡೀ ಚೀಪುತ್ತಿದ್ದರಂತೆ. ಒಣಗಿದ ಬಾಯಿಗೆ ಸಕ್ಕರೆ! ಇದನ್ನು ಕೇಳದೆ ಹುಳುಕು ತಡೆಯುವ ಫ್ಲೋರೈಡ್ ಬರೆದುಕೊಟ್ಟರೆ ಸುಮ್ನೆ ದಂಡ. ಫ್ಲೋರೈಡ್ ಅಂದರೆ 1.1 ಶೇಕಡಾ ಸೋಡಿಯಂ ಫ್ಲೋರೈಡ್ ಜೆಲ್, ಹಲ್ಲಿನ ಅಳತೆಗೆ ಮಾಡಿದ ಟ್ರೇಯಲ್ಲಿ, ದಿನಾ 5ರಿಂದ 10 ನಿಮಿಷ. ಎಷ್ಟು ದಿನ ಅಂತ ಕೇಳಿದರೆ, ಹಲ್ಲು ಇರುವಷ್ಟು ದಿನ.

ಬಾಯಿ ತೆರೆಯುವುದು 35 ಮಿಲಿಮೀಟರ್‌ಗಿಂತ ಕಡಿಮೆ ಆದರೆ ಟ್ರಿಸ್ಮಸ್. ಅಗಿಯುವ ಸ್ನಾಯುಗಳು ನಾರುಗಟ್ಟುತ್ತವೆ. ನಮ್ಮ ಕಡೆ ಇನ್ನೊಂದು ತೊಡಕು: ಕವಳ (ಎಲೆ-ಅಡಿಕೆ) ಹಾಕಿ ಹಾಕಿ ಸಬ್‌ಮ್ಯುಕಸ್ ಫೈಬ್ರೋಸಿಸ್ (ಬಾಯಿಯ ಒಳಪದರ ನಾರುಗಟ್ಟುವ ಕಾಯಿಲೆ) ಆಗಿ, ಮೊದಲೇ ಬಾಯಿ ಬಿಗಿದವರೂ ಬರುತ್ತಾರೆ. "ಹೊಗೆಸೊಪ್ಪು ಬಿಟ್ಟಿದೀನಿ, ಬರೀ ಅಡಿಕೆ ಹಾಕ್ಬಹುದಾ?" ಅಂತ ಇವರೂ ಕೇಳಿದರು. ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ರಾಶಿ, ಬೆಟ್ಟೆ ಅಡಿಕೆಯ ರೇಟು ಕೇಳಿಯೇ ಕಾಫಿ ಕುಡಿಯುವವರ ಎದುರು ಇದನ್ನು ಹೇಳುವುದು ಸುಲಭವಲ್ಲ. ಆದರೂ ಹೇಳಿದೆ.

ಈಗ ನನ್ನ ತಪ್ಪು. ಅವರ ಕೆಳಗಿನ ಪ್ರೀಮೋಲಾರ್ (ಕೋರೆಹಲ್ಲಿನ ಹಿಂದಿನ ಹಲ್ಲು) ತಲೆ ಮುರಿದು ಬೇರು ಉಳಿದಿತ್ತು. ಕೇಸ್ ಶೀಟಿನಲ್ಲಿ ನಾನು ನೀಟಾಗಿ 'ಎಕ್ಸ್‌ಟ್ರಾಕ್ಷನ್', ಅಂದರೆ ಕೀಳುವುದು, ಅಂತ ಬರೆದೆ. ಸರ್ ಓದಿ, ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ, "ಎಷ್ಟು ಗ್ರೇ ಬಿದ್ದಿದೆ ಕೇಳಿದೀಯೇನಮ್ಮ?" ಅಂದರು. ಡಿಸ್ಚಾರ್ಜ್ ಚೀಟಿ ಅವರ ಕೈಚೀಲದಲ್ಲೇ ಇತ್ತು. 60 ಗ್ರೇ, 30 ಸಲ.

ಕಿರಣ ಬಿದ್ದ ಮೂಳೆಯಲ್ಲಿ ಸಣ್ಣ ರಕ್ತನಾಳಗಳು ಮುಚ್ಚುತ್ತವೆ. ರಕ್ತ ಕಡಿಮೆ, ಆಮ್ಲಜನಕ ಕಡಿಮೆ, ಕೋಶ ಕಡಿಮೆ. 1983ರಲ್ಲಿ ಬಾಯಿ-ದವಡೆ ಶಸ್ತ್ರವೈದ್ಯ ಮಾರ್ಕ್ಸ್ ಕೊಟ್ಟ ವಿವರಣೆ ಇದು. ಇಂಥ ಮೂಳೆಗೆ ಗಾಯ ಮಾಡಿದರೆ ಮಾಯಿಸಲು ಶಕ್ತಿ ಇರಲ್ಲ, ಮೂಳೆ ಬಾಯಿಗೆ ತೆರೆದುಕೊಂಡು ಸಾಯಬಹುದು. ಅದೇ ಆಸ್ಟಿಯೋರೇಡಿಯೋನೆಕ್ರೋಸಿಸ್. ಮೇಲ್ದವಡೆಗಿಂತ ಕೆಳದವಡೆಯಲ್ಲಿ ಜಾಸ್ತಿ, ಯಾಕೆಂದರೆ ಮೂಳೆ ಗಟ್ಟಿ, ರಕ್ತ ಪೂರೈಕೆ ಮೊದಲೇ ಕಡಿಮೆ. ವರ್ಷಗಳು ಕಳೆದರೂ ಈ ಅಪಾಯ ಹೋಗಲ್ಲ. ಹುಣ್ಣು ಮರೆತರೂ ಮೂಳೆ ಮರೆಯಲ್ಲ. ಹಾಗಾಗಿ ಉಳಿಯದ ಹಲ್ಲನ್ನು ರೇಡಿಯೇಶನ್‌ಗೆ ಎರಡು ಮೂರು ವಾರ ಮೊದಲೇ ಕೀಳಬೇಕು. ಮುಗಿದ ಮೇಲಾದರೆ ಆದಷ್ಟೂ ಕೀಳದೆ ದಾರಿ ಹುಡುಕಬೇಕು.

ಇವರಿಗೆ ಬೇರನ್ನು ಅಲ್ಲೇ ಬಿಟ್ಟು, ರೂಟ್ ಕೆನಾಲ್ ಮಾಡಿ ಮೇಲೆ ಸೀಲ್ ಮಾಡುವುದೆಂದಾಯಿತು. ಆದರೆ ಬಾಯಿ ತೆರೆಯಬೇಕಲ್ಲ? ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು, ದಿನಾ ಅಭ್ಯಾಸ ಮಾಡಿಸಿದೆವು. ಒಂದು ಕಡ್ಡಿ ಸುಮಾರು 2 ಮಿಲಿಮೀಟರ್. ಮೊದಲ ದಿನ ಹನ್ನೊಂದು ಹಿಡಿಸಿದವು. ಕಳೆದ ವಾರ ಬಂದಾಗ ಸೊಸೆಯೇ ಎಣಿಸಿ ತೋರಿಸಿದರು: ಹದಿಮೂರು.