ಸಮುದ್ರದ ವಿಷ ಅಳೆಯೋಕೆ ನೀರು ಸಾಲದಾ?

ಪ್ರಶ್ನೆ: ತೀರದ ಸಮುದ್ರಕ್ಕೆ ವಿಷಕಾರಿ ರಾಸಾಯನಿಕ ಸೇರಿದೆಯಾ ಅಂತ ನೋಡಲು ಚಿಪ್ಪುಜೀವಿಗಳನ್ನು ಹಿಡಿದು ಪರೀಕ್ಷೆ ಮಾಡುತ್ತಾರಂತೆ. ಒಂದು ಬಾಟಲಿ ನೀರು ತುಂಬಿ ಲ್ಯಾಬಿಗೆ ಕೊಟ್ಟರೆ ಆಗಲ್ವಾ?

ಉತ್ತರ: ಕೊಡಬಹುದು, ಕೊಡುತ್ತಾರೆ ಕೂಡ. ಆದರೆ ಆ ಬಾಟಲಿಗೆ ಗೊತ್ತಿರುವುದು ಅದನ್ನು ಮುಳುಗಿಸಿದ ಗಳಿಗೆ ಮಾತ್ರ. ಯಾವುದೋ ಕಾರ್ಖಾನೆ ರಾತ್ರಿ ಎರಡು ಗಂಟೆಗೆ ಕೊಳಚೆ ಬಿಟ್ಟಿತು, ಇಳಿತದ ಜೊತೆ ಅದು ಆಚೆ ಹೋಯಿತು ಅಂದುಕೊಳ್ಳಿ. ಬೆಳಗ್ಗೆ ಹತ್ತಕ್ಕೆ ಬಂದು ನೀರು ತುಂಬಿಕೊಂಡವರಿಗೆ ಏನು ಸಿಗುತ್ತದೆ?

ಇನ್ನೊಂದು ತೊಂದರೆ ಪ್ರಮಾಣದ್ದು. ನೀರಿನಲ್ಲಿ ವಿಷ ಎಷ್ಟು ಕಡಿಮೆ ಇರುತ್ತದೆಂದರೆ, ಅಳೆಯುವವರ ಕೈಯ ಕೊಳೆಯೇ ಅದಕ್ಕಿಂತ ಜಾಸ್ತಿ ಆಗಿಬಿಡಬಹುದು. ಸುಮ್ನೆ ಹೇಳುತ್ತಿಲ್ಲ. 1970ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಮತ್ತು ಸಂಗಡಿಗರು ತೀರಾ ಎಚ್ಚರವಹಿಸಿ ಸಮುದ್ರದ ನೀರಿನ ಸೀಸ ಅಳೆದರು. ಹಿಂದಿನವರು ಬರೆದಿಟ್ಟ ಅಂಕಿಗಳಲ್ಲಿ ಬಹುಪಾಲು ಹಡಗಿನದು, ಬಾಟಲಿಯದು, ಲ್ಯಾಬಿನದೇ ಅಂತ ಆಗ ಬಯಲಾಯಿತು! ಈಗ ಬಾಟಲಿಯನ್ನು ಆಸಿಡ್‌ನಲ್ಲಿ ನೆನೆಸಿಟ್ಟು ತೊಳೆದೇ ಸಮುದ್ರಕ್ಕೆ ಒಯ್ಯುತ್ತಾರೆ.

ಚಿಪ್ಪಿನ ಕೆಲಸ ಶುರುವಾಗುವುದು ಇಲ್ಲಿ. ಪಚ್ಚಿಲೆ ಅಥವಾ ನೀಲಿಕಲ್ಲು ಅನ್ನುತ್ತಾರಲ್ಲ, ಆ ಜಾತಿಯ ಮಸಲ್‌ಗಳು ಬಂಡೆಗೆ ಅಂಟಿ ಕೂತಿರುತ್ತವೆ. ನೀರು ಸೋಸಿ ಅದರಲ್ಲಿರುವುದನ್ನು ತಿನ್ನುವುದೇ ಅವುಗಳ ಬದುಕು. ಬೇಡವೆಂದರೂ ಕ್ಯಾಡ್ಮಿಯಂ, ಪಾದರಸದಂಥ ಲೋಹಗಳು, ಡಿಡಿಟಿ ಎಂಬ ಕೀಟನಾಶಕ, ವಿದ್ಯುತ್ ಉಪಕರಣಗಳಲ್ಲಿ ಬಳಸುತ್ತಿದ್ದ ಪಿಸಿಬಿ ಎಂಬ ರಾಸಾಯನಿಕಗಳು ಮೈಗೆ ಸೇರುತ್ತವೆ. ಎಷ್ಟೋ ವಿಷಗಳು ಅವುಗಳ ಮಾಂಸದಲ್ಲಿ ನೀರಿಗಿಂತ ಸಾವಿರಾರು ಪಟ್ಟು ಜಾಸ್ತಿ ಇರುತ್ತವೆ. ರಾತ್ರಿ ಎರಡು ಗಂಟೆಯ ಕೊಳಚೆಯೂ ಅಲ್ಲಿ ಜಮೆ ಆಗಿರುತ್ತದೆ. ಲೋಕದ ತೀರಗಳನ್ನೆಲ್ಲ ಹೀಗೇ ಕಾಯೋಣ ಅಂತ ಎಡ್ವರ್ಡ್ ಗೋಲ್ಡ್‌ಬರ್ಗ್ ಎಂಬ ವಿಜ್ಞಾನಿ 1975ರಲ್ಲಿ ಹೇಳಿದರು. ಅಮೆರಿಕ 1986ರಿಂದ ತನ್ನ ತೀರದುದ್ದಕ್ಕೂ 'ಮಸಲ್ ವಾಚ್' ನಡೆಸತೊಡಗಿತು.

ಕೆಲಸ ಸುಲಭ ಅನ್ನಿಸಬಹುದು. ಆದರೆ ಒಂದೇ ಅಳತೆಯ ಚಿಪ್ಪುಗಳನ್ನೇ ಆರಿಸಬೇಕು, ದೊಡ್ಡದು ಮತ್ತು ಚಿಕ್ಕದು ಒಂದೇ ಲೆಕ್ಕ ಕೊಡುವುದಿಲ್ಲ. ಪ್ರತಿ ವರ್ಷ ಅದೇ ಹೊತ್ತಿಗೆ ಹೋಗಬೇಕು, ಮೊಟ್ಟೆ ಬಿಟ್ಟ ಮೇಲೆ ಮೈ ಸೊರಗಿ ಲೆಕ್ಕ ಏರುಪೇರಾಗುತ್ತದೆ. ಒಂದು ಜಾಗದ ಹತ್ತಾರು ಚಿಪ್ಪುಗಳ ಮಾಂಸವನ್ನು ಸೇರಿಸಿ ಅರೆದು ಪರೀಕ್ಷಿಸುತ್ತಾರೆ. ಚಿಪ್ಪೇ ಇಲ್ಲದ ಜಾಗವಾದರೆ? ಶುದ್ಧ ನೀರಿನ ಕಡೆಯಿಂದ ತಂದು, ಬಲೆಚೀಲದಲ್ಲಿ ತುಂಬಿ ಕೆಲವು ವಾರ ತೂಗುಹಾಕುತ್ತಾರೆ.

ಕೆಲವೊಮ್ಮೆ ಲ್ಯಾಬಿಗೂ ಮೊದಲೇ ಜೀವಿಯ ಮೈಯೇ ಹೇಳಿಬಿಡುತ್ತದೆ. ಇಂಗ್ಲೆಂಡಿನ ಪ್ಲಿಮತ್ ತೀರದ ಡಾಗ್ ವೆಲ್ಕ್ ಎಂಬ ಪುಟ್ಟ ಶಂಖದ ಹೆಣ್ಣುಗಳಲ್ಲಿ ಗಂಡಿನ ಅಂಗ ಬೆಳೆಯುತ್ತಿರುವುದು 1970ರ ಸುಮಾರಿಗೆ ಕಂಡಿತು. ಜೋರಾಗಿ ತಗುಲಿದ ಹೆಣ್ಣುಗಳಿಗೆ ಮೊಟ್ಟೆ ಹೊರಬರುವ ದಾರಿಯೇ ಮುಚ್ಚಿಹೋಗಿತ್ತು. ಕಾರಣ, ದೋಣಿ ಮತ್ತು ಹಡಗುಗಳ ತಳಕ್ಕೆ ಪಾಚಿ, ಚಿಪ್ಪು ಅಂಟದಿರಲಿ ಅಂತ ಬಳಿಯುತ್ತಿದ್ದ ಬಣ್ಣದಲ್ಲಿದ್ದ ಟಿಬಿಟಿ ಎಂಬ ತವರದ ಸಂಯುಕ್ತ. ಲೀಟರಿಗೆ ಸುಮಾರು 1 ನ್ಯಾನೋಗ್ರಾಂ ಸಾಕು. ಅಂದರೆ 100 ಕೋಟಿ ಲೀಟರ್ ನೀರಿಗೆ 1 ಗ್ರಾಂ. ಹಡಗುಗಳಿಗೆ ಅದನ್ನು ಬಳಿಯುವುದನ್ನು ನಿಲ್ಲಿಸುವ ಅಂತರರಾಷ್ಟ್ರೀಯ ಒಪ್ಪಂದ ಆದದ್ದು 2001ರಲ್ಲಿ, ಜಾರಿಗೆ ಬಂದದ್ದು 2008ರಲ್ಲಿ. ಇಷ್ಟು ತಡ ಯಾಕೆ ಅಂತ ನನಗಂತೂ ಸಿಟ್ಟು ಬರುತ್ತದೆ.

ಹಾಗಂತ ಚಿಪ್ಪಿಗೆ ಎಲ್ಲವೂ ಗೊತ್ತಿರುವುದಿಲ್ಲ. ತಾಮ್ರದಂಥ ವಿಷ ಒಮ್ಮೆಲೇ ಜೋರಾಗಿ ಬಂದರೆ ಅದು ಬಾಯಿ ಮುಚ್ಚಿಕೊಂಡು ಕೂತುಬಿಡುತ್ತದೆ, ಸೋಸುವುದನ್ನೇ ನಿಲ್ಲಿಸುತ್ತದೆ. ಅಂಥ ದಿನ ನಿಮ್ಮ ಬಾಟಲಿಯೇ ಬೇಕು.