ಬೇಸ್ ಗಿಟಾರ್: ಬೆರಳೋ ಪಿಕ್ಕೋ? ಗುಟ್ಟು ತಂತಿಯ ಮೂಲೆಯಲ್ಲಿದೆ

"ಬೆರಳಲ್ಲಿ ನುಡಿಸೋಕೆ ಬರಲ್ಲ, ಅದಕ್ಕೇ ಪಿಕ್ ಹಿಡ್ಕೊಂಡಿದ್ದಾನೆ." ಬೇಸ್, ಅಂದರೆ ತಗ್ಗು ಸ್ವರದ ಗಿಟಾರ್, ನುಡಿಸುವವರಲ್ಲಿ ಈ ಮಾತು ಕೇಳದವರು ಕಡಿಮೆ. ಪಿಕ್ ಅಂದರೆ ತಂತಿ ಮೀಟುವ ಪುಟ್ಟ ಗಟ್ಟಿ ಬಿಲ್ಲೆ. ನಾನು ಕಲಿಯುತ್ತಿದ್ದಾಗ ಒಬ್ಬರು ಹೀಗೇ ಹೇಳಿದ್ದರು. ನಂಬಿ ಎರಡು ವರ್ಷ ಪಿಕ್ ಮುಟ್ಟಲೇ ಇಲ್ಲ. ಈಗ ನೆನೆಸಿಕೊಂಡರೆ ಸಿಟ್ಟು ಬರುತ್ತದೆ, ಯಾಕೆಂದರೆ ಇದು ಯೋಗ್ಯತೆಯ ಪ್ರಶ್ನೆಯೇ ಅಲ್ಲ. ತಂತಿಯಲ್ಲಿ ಏಳುವ ಒಂದು ಮೂಲೆಯ ಪ್ರಶ್ನೆ.

ಬಟ್ಟೆ ಒಣಹಾಕುವ ಹಗ್ಗ ಜೋತುಬಿದ್ದರೆ ನಡುವೆ ಕೋಲು ಕೊಟ್ಟು ಎತ್ತುತ್ತೇವಲ್ವಾ? ಕೋಲು ತಾಗಿದ ಕಡೆ ಹಗ್ಗದಲ್ಲಿ ಚೂಪು ಮೂಲೆ ಏಳುತ್ತದೆ. ಅದೇ ಹಗ್ಗವನ್ನು ದಿಂಬಿನ ಮೇಲೆ ಹಾಯಿಸಿದರೆ ಮೂಲೆ ಇಲ್ಲ, ಮೆತ್ತನೆಯ ಬಾಗು ಮಾತ್ರ. ಪಿಕ್ ಕೋಲಿನ ಹಾಗೆ, ಬೆರಳು ದಿಂಬಿನ ಹಾಗೆ. ತಂತಿಯನ್ನು ಬಿಡುವ ಕ್ಷಣದಲ್ಲಿ ಅದು ಯಾವ ಆಕಾರದಲ್ಲಿತ್ತೋ ಆ ಆಕಾರವೇ ನಾದದ ಬೀಜ.

ಮೀಟಿದ ತಂತಿ ಒಂದೇ ಅಲೆಯಾಗಿ ಅಲುಗುವುದಿಲ್ಲ. ಪೂರ್ತಿ ಉದ್ದಕ್ಕೆ ಒಂದು ಅಲೆ, ಅರ್ಧರ್ಧವಾಗಿ ಇನ್ನೊಂದು, ಮೂರು ಪಾಲಾಗಿ ಮತ್ತೊಂದು, ಹೀಗೆ ಹತ್ತಾರು ಅಲೆಗಳು ಒಟ್ಟಿಗೆ ಕುಣಿಯುತ್ತವೆ. ಇವೇ ಹಾರ್ಮೋನಿಕ್ಸ್. ಚೂಪು ಮೂಲೆ ಮೂಡಬೇಕಾದರೆ ಸಣ್ಣ ಸಣ್ಣ ಅಲೆಗಳು ಜಾಸ್ತಿ ಬೇಕು. ಸುಣ್ಣ ಬಳಿಯುವ ಬ್ರಷ್ಷಿನಿಂದ ರಂಗೋಲಿಯ ಎಳೆ ಎಳೆಯೋಕಾಗುತ್ತಾ? ಅದಕ್ಕೆ ಸಣ್ಣ ಮೊನೆಯೇ ಬೇಕು.

ಲೆಕ್ಕ ಹಾಕಿ ನೋಡಿ. ಸಾಮಾನ್ಯ ಬೇಸ್‌ನಲ್ಲಿ ತಂತಿಯ ಉದ್ದ 34 ಇಂಚು, ಅಂದರೆ ಸುಮಾರು 864 ಮಿಲಿಮೀಟರ್. ದಪ್ಪ ಇ ತಂತಿಯ ಮೂಲಸ್ವರ (ಪೂರ್ತಿ ಉದ್ದದ ಅಲೆ) 41 ಹರ್ಟ್ಜ್, ಅಂದರೆ ಸೆಕೆಂಡಿಗೆ 41 ಅಲುಗಾಟ. ಇದರ 40ನೇ ಹಾರ್ಮೋನಿಕ್ ಸುಮಾರು 1650 ಹರ್ಟ್ಜ್, ಅದರ ಒಂದೊಂದು ಉಬ್ಬು ಹೆಚ್ಚುಕಡಿಮೆ 22 ಮಿಲಿಮೀಟರ್ ಅಗಲ. 60ನೆಯದಕ್ಕೆ ಬಂದರೆ ಉಬ್ಬು 14 ಮಿಲಿಮೀಟರ್ ಅಷ್ಟೇ. ಬೆರಳ ತುದಿಯ ಅಗಲವೂ ಆಸುಪಾಸು ಅಷ್ಟೇ ಇರುತ್ತದೆ! ಅಷ್ಟು ಸಣ್ಣ ಅಲೆಯನ್ನು ಅಷ್ಟು ಅಗಲದ ಬೆರಳು ಎಬ್ಬಿಸಬೇಕಾದರೆ ಕಷ್ಟ. ಜೊತೆಗೆ ಮೆತ್ತಗಿನ ಚರ್ಮ ತಂತಿಯಿಂದ ಜಾರುವಾಗಲೇ ಸಣ್ಣ ಅಲೆಗಳನ್ನು ಒರೆಸಿಬಿಡುತ್ತದೆ. ಪಿಕ್ಕಿನ ಅಂಚು ಗಟ್ಟಿ, ತೆಳು, ತಟ್ಟನೆ ಬಿಡುತ್ತದೆ.

ಇದು ಹೊಸ ವಿಚಾರವೇನಲ್ಲ. 1863ರಲ್ಲಿ ಹೆಲ್ಮ್‌ಹೋಲ್ಟ್ಜ್ ಎಂಬ ಜರ್ಮನ್ ವಿಜ್ಞಾನಿ ಬೆರಳ ಮೀಟಿಗೂ ಚೂಪು ಲೋಹದ ಮೀಟಿಗೂ ಇರುವ ವ್ಯತ್ಯಾಸವನ್ನು ಬರೆದಿಟ್ಟಿದ್ದಾರೆ. ಅದಕ್ಕೂ ಮೊದಲು, 1800ರಲ್ಲಿ ಥಾಮಸ್ ಯಂಗ್ ಇನ್ನೊಂದು ನಿಯಮ ಹೇಳಿದ್ದರು: ಯಾವ ಅಲೆ ಅಲುಗದೆ ನಿಲ್ಲುವ ಜಾಗದಲ್ಲಿ ಮೀಟುತ್ತೀರೋ ಆ ಅಲೆ ಹುಟ್ಟುವುದೇ ಇಲ್ಲ. ಸರಿಯಾಗಿ ನಡುವೆ ಮೀಟಿದರೆ 2, 4, 6ನೇ ಹಾರ್ಮೋನಿಕ್‌ಗಳು ಮಾಯ. ಇಲ್ಲಿ ನಮ್ಮ ಸಿ.ವಿ. ರಾಮನ್ ಅವರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಬೆಂಗಳೂರಿಗೆ ಬರುವ ಎಷ್ಟೋ ಮೊದಲು, 1921ರಲ್ಲಿ ಅವರು ವೀಣೆ, ತಂಬೂರಿಗಳಲ್ಲಿ ಈ ನಿಯಮ ಮುರಿದುಬೀಳುವುದನ್ನು ತೋರಿಸಿದರು. ಇರಬಾರದ ಹಾರ್ಮೋನಿಕ್‌ಗಳು ಅಲ್ಲಿ ಜೋರಾಗಿಯೇ ಕೇಳುತ್ತವೆ. ಕಾರಣ ಕುದುರೆಯ, ಅಂದರೆ ತಂತಿಯನ್ನು ಹೊತ್ತ ಬ್ರಿಡ್ಜಿನ, ಮೇಲ್ಮೈ: ಅದು ಅಗಲ, ಸ್ವಲ್ಪ ಬಾಗಿದ್ದು, ತಂತಿ ಅದನ್ನು ಸವರುತ್ತಾ ಅಲುಗುತ್ತದೆ. ಅಂದಹಾಗೆ ವೀಣೆಯಲ್ಲೂ ಕೆಲವರದು ಬರಿ ಬೆರಳು, ಕೆಲವರದು ಉಗುರು, ಕೆಲವರದು ಲೋಹದ ಮೀಟು. ಲೋಹದ್ದು ಹಾಕಿಕೊಂಡವರನ್ನು ಯಾರೂ ಕಲಿಯದವರು ಅನ್ನುವುದಿಲ್ಲ.

ಬೇಸ್ ಗಿಟಾರಿಗೆ ಬಂದರೆ 1960ರ ದಶಕದ ಅಮೆರಿಕವೇ ಸಾಕ್ಷಿ. ಡೆಟ್ರಾಯಿಟ್‌ನಲ್ಲಿ ಮೋಟೌನ್ ಎಂಬ ಸಂಗೀತ ಕಂಪನಿಯ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ಬಲಗೈಯ ಒಂದೇ ತೋರುಬೆರಳಿನಿಂದ, ನಯವಾಗಿ ಸುತ್ತಿದ ಹಳೇ ತಂತಿಗಳ ಮೇಲೆ ನುಡಿಸಿದರು. ದುಂಡಗಿನ, ತುಂಬಿದ ನಾದ. ಅದೇ ಕಾಲಕ್ಕೆ ಲಾಸ್ ಏಂಜಲೀಸ್‌ನಲ್ಲಿ ಕ್ಯಾರಲ್ ಕೇ ಪಿಕ್ ಹಿಡಿದು, ತಂತಿಗೆ ಫೆಲ್ಟ್ ಬಟ್ಟೆ ಒತ್ತಿಟ್ಟು, ಒಂದೊಂದು ಸ್ವರವನ್ನೂ ಗೆರೆ ಕೊರೆದಂತೆ ನುಡಿಸಿದರು. ಇವರಲ್ಲಿ ಯಾರಿಗೆ ನುಡಿಸೋಕೆ ಬರಲ್ಲ ಅಂತೀರಿ?

ಪಿಕ್ಕಿನ ನಾದ "ತೆಳು" ಅನ್ನುವವರೂ ಇದ್ದಾರೆ. ಅವರು ಪಿಕ್ ಹಿಡಿದ ಕೂಡಲೇ ಕೈ ಬ್ರಿಡ್ಜ್ ಕಡೆ ಸರಿದಿರುತ್ತದೆ, ಅದನ್ನು ಗಮನಿಸಿರುವುದಿಲ್ಲ. ಬ್ರಿಡ್ಜ್ ಹತ್ತಿರ ಮೀಟಿದರೆ ಬೆರಳಿನ ನಾದವೂ ತೆಳುವಾಗುತ್ತದೆ. ಹೋಲಿಸಬೇಕಾದರೆ ಜಾಗ ಒಂದೇ ಇರಬೇಕು.

ನೀವೇ ಮಾಡಿ ನೋಡಿ. ಪಿಕಪ್ (ತಂತಿಯ ಅಡಿ ಇದ್ದು ಅದರ ಅಲುಗಾಟ ಹಿಡಿಯುವ ಭಾಗ) ಮೇಲೆ ಒಂದು ಜಾಗ ಗುರುತು ಮಾಡಿಕೊಂಡು ಇ ತಂತಿಯನ್ನು ನಾಲ್ಕು ಸಲ ಬೆರಳಲ್ಲಿ, ನಾಲ್ಕು ಸಲ ಪಿಕ್‌ನಲ್ಲಿ ಮೀಟಿ ರೆಕಾರ್ಡ್ ಮಾಡಿ. ಮೊದಲು ಫೋನಿನ ಸ್ಪೀಕರಿನಲ್ಲಿ ಕೇಳಿ. ಆ ಪುಟ್ಟ ಸ್ಪೀಕರಿಗೆ 41 ಹರ್ಟ್ಜ್ ಹೊರಡಿಸುವ ಶಕ್ತಿಯೇ ಇಲ್ಲ. ಬೆರಳಿನ ನಾಲ್ಕು ಮೀಟು ಎಲ್ಲೋ ದೂರದಲ್ಲಿ ಯಾರೋ ಬಾಗಿಲು ತಟ್ಟಿದಂತೆ. ಪಿಕ್ಕಿನ ನಾಲ್ಕು ಮಾತ್ರ ಸ್ಪಷ್ಟ. ಅದರಲ್ಲಿ ತುಂಬಿರುವ ಹಾರ್ಮೋನಿಕ್‌ಗಳನ್ನು ಹಿಡಿದುಕೊಂಡು, ಅಲ್ಲಿ ಇಲ್ಲದ ಮೂಲಸ್ವರವನ್ನು ಮಿದುಳೇ ಕಟ್ಟಿಕೊಳ್ಳುತ್ತದೆ! ಈಗ ಅದೇ ರೆಕಾರ್ಡಿಂಗನ್ನು ದೊಡ್ಡ ಸ್ಪೀಕರಿಗೆ ಹಾಕಿ. ಬೆರಳಿನ ನಾಲ್ಕು ಮೀಟು ನೆಲದಿಂದ ಎದ್ದು ಕಾಲಿಗೆ ತಾಗುತ್ತವೆ.