ಗೋಡೆ ದಪ್ಪ ಇದ್ದರೆ ಭೂಕಂಪ ಏನು ಮಾಡೀತು?

ಪ್ರಶ್ನೆ: "ಸರ್, ನಮ್ಮೂರ ಹಳೇ ಗ್ರಂಥಾಲಯದ ಕಲ್ಲಿನ ಗೋಡಿ ಎರಡೂವರಿ ಫೂಟ್ ದಪ್ಪ ಅದಾವ್ರಿ. ನೂರು ವರ್ಷ ಆತು, ಒಂದ್ ಕಲ್ಲೂ ಅಳ್ಳಾಡಿಲ್ಲ. ಗೋಳಗುಮ್ಮಟ ಇನ್ನೂ ನಿಂತಿಲ್ಲೇನ್ರಿ? ಇಂಥಾ ಕಟ್ಟಡಕ್ಕ ಭೂಕಂಪದ ರಿಪೇರಿ ಅಂತ ಯಾಕ ರೊಕ್ಕ ಹಾಕಬೇಕು? ಸಿಮೆಂಟ್ ಗಿಲಾವ ಮಾಡಿ ಬಣ್ಣಾ ಹಚ್ಚಿದ್ರ ಸಾಕಲ್ಲ?"

ವಿಜಯಪುರ ಜಿಲ್ಲೆಯಲ್ಲಿ ನೆಲ ಒಮ್ಮೆ ಗುಡುಗಿ ಅಡುಗೆಮನೆಯ ಪಾತ್ರೆ ಗಲಗಲ ಎಂದರೆ ಸಾಕು, ಆ ವಾರ ಈ ಪ್ರಶ್ನೆ ಬಂದೇ ಬರುತ್ತದೆ. ಊರು ಬದಲಾಗುತ್ತದೆ, ಗೋಡೆಯ ದಪ್ಪ ಅರ್ಧ ಅಡಿ ಆಚೀಚೆ ಆಗುತ್ತದೆ, ಗೋಳಗುಮ್ಮಟದ ಮಾತು ಮಾತ್ರ ಹಾಗೇ ಇರುತ್ತದೆ. ಹೇಳಿ ಹೇಳಿ ನನಗೂ ಸಾಕಾಗಿದೆ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ದಪ್ಪ ಗೋಡೆಯೇ ಕಾಯುವುದಾದರೆ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದಲ್ಲಿ ಅಷ್ಟು ಜನ ಸಾಯಬಾರದಿತ್ತು. ವಿಜಯಪುರದಿಂದ ನೇರ ಅಳೆದರೆ ಆ ಊರು ಸುಮಾರು 170 ಕಿ.ಮೀ. 1993ರ ಸೆಪ್ಟೆಂಬರ್ 30ರ ನಸುಕು. ಹಿಂದಿನ ದಿನ ಗಣಪತಿ ಕಳಿಸಿ ದಣಿದು ಮಲಗಿದ್ದ ಜನ. ತೀವ್ರತೆ 6ಕ್ಕಿಂತ ತುಸು ಹೆಚ್ಚು, ಅಷ್ಟೇ. ಸತ್ತವರು 8ರಿಂದ 10 ಸಾವಿರ. ಅಲ್ಲಿನ ಮನೆಗಳ ಗೋಡೆ ಎರಡು ಅಡಿಗಿಂತ ಕಡಿಮೆ ಇರಲಿಲ್ಲ, ಎಷ್ಟೋ ಕಡೆ ಇನ್ನೂ ದಪ್ಪ. ಕಲ್ಲು, ಮಣ್ಣು, ಮೇಲೆ ಭಾರದ ಮಣ್ಣಿನ ಮಾಳಿಗೆ. ನಮ್ಮ ಇಂಡಿ, ಸಿಂದಗಿ ಕಡೆಯ ಹಳೆಯ ಮನೆಗಳನ್ನು ಕಂಡವರಿಗೆ ಇದಕ್ಕಿಂತ ಹೆಚ್ಚಿನ ವರ್ಣನೆ ಬೇಕಿಲ್ಲ.

ಅವು ಏಕೆ ಬಿದ್ದವು? ಎರಡೂವರೆ ಅಡಿಯ ಗೋಡೆ ಎಂದು ನೀವು ಕರೆಯುವುದು ಬಹಳ ಸಲ ಒಂದು ಗೋಡೆ ಆಗಿರುವುದೇ ಇಲ್ಲ. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಸಾಲು, ನಡುವೆ ಚಿಪ್ಪುಗಲ್ಲು, ಮಣ್ಣು. ಎರಡು ಖಡಕ್ ರೊಟ್ಟಿಯ ನಡುವೆ ಶೇಂಗಾ ಚಟ್ನಿಪುಡಿ ಹಾಕಿ ನಿಲ್ಲಿಸಿ ಅಲುಗಾಡಿಸಿ ನೋಡಿ. ಪುಡಿ ಕೆಳಗೆ ಜಗ್ಗುತ್ತದೆ, ರೊಟ್ಟಿಗಳು ಒಂದು ಅತ್ತ, ಒಂದು ಇತ್ತ. ಗೋಡೆಗೂ ಇದೇ ಗತಿ. ಮೊದಲು ಹೊಟ್ಟೆ ಬಿಡುತ್ತದೆ, ಆಮೇಲೆ ಒಂದು ಮುಖ ಕಳಚಿಕೊಂಡು ಬೀಳುತ್ತದೆ. ಇನ್ನೊಂದು ವಿಷಯ: ನೆಲ ಅಲುಗಾಡುವಾಗ ಗೋಡೆಯ ಮೇಲೆ ಬರುವ ಬಲ ಅದರ ತೂಕಕ್ಕೆ ತಕ್ಕಂತೆ ಬೆಳೆಯುತ್ತದೆ. ದಪ್ಪ ಹೆಚ್ಚಿದಂತೆ ಆ ಬಲವೂ ಹೆಚ್ಚು. ಒಳಗೆ ಕಟ್ಟು ಇಲ್ಲದಿದ್ದರೆ ಆ ದಪ್ಪವೇ ಶತ್ರು.

ಗೋಡೆಯನ್ನು ಹಿಡಿದಿಡುವುದು ಅಡ್ಡಗಲ್ಲು. ಈ ಮುಖದಿಂದ ಆ ಮುಖಕ್ಕೆ ಪೂರ್ತಿ ಹಾಯುವ ಕಲ್ಲು, ಇಂಜಿನಿಯರರ ಬಾಯಲ್ಲಿ ಥ್ರೂ ಸ್ಟೋನ್. ಎತ್ತರದಲ್ಲಿ ಪ್ರತಿ 60 ಸೆಂ.ಮೀ.ಗೆ ಒಂದು ಸಾಲು, ಅಡ್ಡಕ್ಕೆ ಹೆಚ್ಚೆಂದರೆ 1.2 ಮೀಟರಿಗೊಂದು ಇರಬೇಕು ಎಂದು ಭಾರತೀಯ ಮಾನಕವೇ ಹೇಳುತ್ತದೆ. ನಿಮ್ಮ ಗ್ರಂಥಾಲಯದಲ್ಲಿ ಅವು ಎಷ್ಟಿವೆ ಎಂದು ಎಣಿಸಿದ್ದೀರಾ? ದಪ್ಪ ಅಳೆಯಲು ಟೇಪು ತಂದವರು ಬಹಳ ಜನ, ಅಡ್ಡಗಲ್ಲು ಎಣಿಸಿದವರನ್ನು ನಾನಿನ್ನೂ ಕಂಡಿಲ್ಲ.

ಇನ್ನು ಗೋಳಗುಮ್ಮಟ. ಅದರ ಗೋಡೆ ಸುಮಾರು 3 ಮೀಟರ್ ದಪ್ಪ, ನಿಜ. ಆದರೆ ಅದು ನಿಂತದ್ದು ಒಂದಕ್ಕೊಂದು ಹೆಣೆದ ಕಮಾನುಗಳಿಂದ, ನಾಲ್ಕು ಮೂಲೆಗೆ ಆತುಕೊಂಡ ಎಂಟು ಮೂಲೆಯ ಗೋಪುರಗಳಿಂದ, ಕಲ್ಲು ಇಟ್ಟಿಗೆಗಳನ್ನು ಒಂದೇ ಮೈ ಮಾಡಿದ ಸುಣ್ಣದ ಗಚ್ಚಿನಿಂದ. ಅದನ್ನು ಕಟ್ಟಿದ ಕೈಗಳ ಬಗ್ಗೆ ನನಗೆ ಅಪಾರ ಗೌರವ. ಆ ಗೌರವಕ್ಕಾಗಿಯೇ ಹೇಳುತ್ತೇನೆ, ನಡುವೆ ಚಿಪ್ಪುಗಲ್ಲು ತುಂಬಿದ ಗೋಡೆಯನ್ನು ಅದರ ಪಕ್ಕ ನಿಲ್ಲಿಸಬೇಡಿ. ಅದೇ ಊರಿನ ಗಗನಮಹಲ್ ಅರಮನೆಗೆ ಇವತ್ತು ಚಾವಣಿ ಇಲ್ಲ. ಅದು ಭೂಕಂಪದಿಂದ ಹೋಯಿತು ಎನ್ನುತ್ತಿಲ್ಲ. ಉಳಿದದ್ದನ್ನಷ್ಟೇ ಎಣಿಸಿ ಹಳೆಯದೆಲ್ಲ ಗಟ್ಟಿ ಎನ್ನಬಾರದು ಎನ್ನುತ್ತಿದ್ದೇನೆ.

"ನೂರು ವರ್ಷ ಏನೂ ಆಗಿಲ್ಲ" ಎನ್ನುವ ಮಾತಿಗೂ ಕಿಲ್ಲಾರಿಯೇ ಉತ್ತರ. 1993ರವರೆಗೆ ಆ ಊರು ಭೂಕಂಪದ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. 2002ರಲ್ಲಿ ಆ ವಲಯವನ್ನೇ ನಕ್ಷೆಯಿಂದ ತೆಗೆದರು. ಆ ನಕ್ಷೆಯಲ್ಲಿ ಬೆಳಗಾವಿ, ವಿಜಯಪುರ ಎರಡೂ 3ನೇ ವಲಯ, ಅಂದರೆ ಮಧ್ಯಮ ಅಪಾಯದ್ದು. 1967ರ ಡಿಸೆಂಬರಿನಲ್ಲಿ ನಡುಗಿದ ಮಹಾರಾಷ್ಟ್ರದ ಕೊಯ್ನಾ ಬೆಳಗಾವಿಯಿಂದ ನೇರ 200 ಕಿ.ಮೀ. ಒಳಗೇ ಇದೆ. ಗ್ರಂಥಾಲಯದ್ದೇ ಉದಾಹರಣೆ ಬೇಕೆಂದರೆ ಕಠ್ಮಂಡುವಿನ ಕೈಸರ್ ಗ್ರಂಥಾಲಯ. ನೇಪಾಳ ಆಳಿದ ರಾಣಾ ಮನೆತನದ ಹಳೆಯ ಅರಮನೆ, ದಪ್ಪ ಇಟ್ಟಿಗೆ ಗೋಡೆ. 2015ರ ಏಪ್ರಿಲ್ 25ರ ಭೂಕಂಪಕ್ಕೆ ಕಟ್ಟಡ ಬಿರುಕು ಬಿಟ್ಟಿತು.

ಹಾಗಾದರೆ ಮಾಡುವುದೇನು? ಸಿಮೆಂಟ್ ಗಿಲಾವವಂತೂ ಬೇಡ. ಗಚ್ಚಿನ ಗೋಡೆ ಉಸಿರಾಡುವ ಗೋಡೆ. ಸಿಮೆಂಟು ತೇವವನ್ನು ಒಳಗೇ ಹಿಡಿದು ಸುಣ್ಣವನ್ನು ಸವೆಸುತ್ತದೆ, ಹೊಟ್ಟೆ ಬಿಟ್ಟದ್ದನ್ನೂ ಮುಚ್ಚಿಬಿಡುತ್ತದೆ. ಮೊದಲು ತೂಗುಗುಂಡು ಬಿಟ್ಟು ಗೋಡೆ ವಾಲಿದೆಯೇ ನೋಡಿ, ಸುತ್ತಿಗೆಯಿಂದ ತಟ್ಟಿ ಟೊಳ್ಳು ಹುಡುಕಿ. ಟೊಳ್ಳಿಗೆ ಸುಣ್ಣದ ಗ್ರೌಟು, ಅಂದರೆ ತೆಳ್ಳಗೆ ಕಲಸಿದ ಗಾರೆ ಇಳಿಸಬೇಕು, ಅಡ್ಡಗಲ್ಲು ಇಲ್ಲದ ಕಡೆ ರಂಧ್ರ ಕೊರೆದು ತುಕ್ಕು ಹಿಡಿಯದ ಉಕ್ಕಿನ ಸರಳು ಹಾಯಿಸಬೇಕು. ಸಾಗವಾನಿ ತೊಲೆಗಳನ್ನು ಗೋಡೆಗೆ ಉಕ್ಕಿನ ಪಟ್ಟಿಯಿಂದ ಬಿಗಿಯಬೇಕು, ಎದುರುಬದುರು ಗೋಡೆಗಳನ್ನು ಮಾಳಿಗೆಯ ಮಟ್ಟದಲ್ಲಿ ಒಂದಕ್ಕೊಂದು ಕಟ್ಟಬೇಕು. ಸೋರುತ್ತದೆ ಎಂದು ವರ್ಷ ವರ್ಷ ಹೇರಿದ ಮಣ್ಣು, ಕಾಂಕ್ರೀಟು ಇಳಿಸಿ. ಹಳೆಯ ಗೋಡೆಯ ಮೇಲೆ ಆರ್‌ಸಿಸಿ ಸ್ಲ್ಯಾಬ್ ಕೂರಿಸಲು ಹೋಗಬೇಡಿ. ಇದೆಲ್ಲ ಪಾರಂಪರಿಕ ಕಟ್ಟಡ ಬಲ್ಲ ಇಂಜಿನಿಯರರ ಕಣ್ಣೆದುರು ಆಗಬೇಕು, ಗೌಂಡಿಯೊಬ್ಬರ ಮೇಲೆ ಬಿಡಬೇಡಿ.

ಇಷ್ಟು ಬರೆದ ಮೇಲೆ ಯಾರೂ ಕೇಳದ ಒಂದು ಮಾತು ಹೇಳಲೇಬೇಕು: ಪುಸ್ತಕಗಳು. ಮನೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಲೆಕ್ಕ ಹಿಡಿದರೆ, ಪುಸ್ತಕ ಪೇರಿಸಿದ ಕೋಣೆಗೆ ಸುಮಾರು 600 ಕಿಲೋ ಹಿಡಿಯಬೇಕು. ತಾಲೂಕು ಊರೊಂದರ ಗ್ರಂಥಾಲಯದಲ್ಲಿ ಮೂವತ್ತು ವರ್ಷದ ಪತ್ರಿಕೆಗಳ ಗಂಟುಗಳನ್ನು ಮಹಡಿಯ ಮರದ ಹಾಸಿನ ನಟ್ಟನಡುವೆ ಒಟ್ಟಿದ್ದನ್ನು ಕಂಡಿದ್ದೇನೆ. ಕೆಳಗೆ ಮಕ್ಕಳು ಓದುತ್ತಿದ್ದರು. ಅಂಥ ಭಾರ ನೆಲಮಹಡಿಗೆ ಬರಲಿ, ಗಜೆಟಿಯರು, ನಿಘಂಟಿನಂಥ ಭಾರದ ಸಂಪುಟಗಳು ಕೆಳಗಿನ ಹಲಗೆಗೆ ಇಳಿಯಲಿ. ಕಬ್ಬಿಣದ ರ್‍ಯಾಕುಗಳನ್ನು ತಲೆಯ ಮಟ್ಟದಲ್ಲಿ ಒಂದಕ್ಕೊಂದು ಆಂಗಲ್ ಹಾಕಿ ಬೋಲ್ಟಿನಿಂದ ಬಿಗಿಯಿರಿ, ಕಾಲುಗಳನ್ನು ನೆಲಕ್ಕೆ ಕೂರಿಸಿ. ಇದಕ್ಕೆ ಟೆಂಡರಿನ ದಾರಿ ಕಾಯಬೇಕಿಲ್ಲ, ಊರಿನ ವೆಲ್ಡಿಂಗ್ ಅಂಗಡಿಯವರಿಗೆ ಎರಡು ದಿನದ ಕೆಲಸ. ಬಾಗಿಲ ಪಕ್ಕದ ರ್‍ಯಾಕಿನಿಂದ ಶುರು ಮಾಡಿ. ನಡುಗಿದಾಗ ಎಲ್ಲರೂ ಓಡಿ ಬರುವುದು ಅದೇ ಬಾಗಿಲಿಗೆ.